ಸಂಜೆ ನಾಲ್ಕರಿಂದ ಹಿಂದಕ್ಕೆ ಎಣಿಸಿ: ಬೆಟ್ಟದ ಕ್ಯಾಬಿನ್ನಿಗೆ ಹೊರಡುವವರಿಗೆ

ನಮ್ಮತ್ತೆಯವರಿಗೆ ಕ್ಯಾಬಿನ್ ಅಂದರೆ ಬ್ಯಾಂಕಿನಲ್ಲಿ ಮ್ಯಾನೇಜರ್ ಕೂರುವ ಗಾಜಿನ ಕೋಣೆ. 2016ರಲ್ಲಿ ನಾವು ಮೊದಲ ಸಲ ಬೆಟ್ಟಕ್ಕೆ ಹೊರಟಾಗ, ‘ಕ್ಯಾಬಿನ್ನಿನಲ್ಲಿ ಎರಡು ರಾತ್ರಿ ಮಲಗೋದಾ? ಯಾರು ಬಿಡ್ತಾರೆ?’ ಅಂತ ಕೇಳಿದ್ದರು. ಕಾಫಿ ತೋಟದ ಮಧ್ಯೆ ಹಲಗೆ ಗೋಡೆ, ತಗಡಿನ ಮಾಡು, ಮುಂದೊಂದು ಜಗಲಿ ಇರುವ ಸಣ್ಣ ಮನೆ ಅಂತ ಬಿಡಿಸಿ ಹೇಳಬೇಕಾಯಿತು. ಅಡುಗೆ ನಾವೇ ಮಾಡಿಕೊಳ್ಳೋದು ಎಂದಾಗ, ‘ಹಂಗಾದ್ರೆ ಇಲ್ಲೇ ಇರಬಹುದಲ್ಲ’ ಅಂದರು. ಆ ಮಾತಿನಲ್ಲಿ ನ್ಯಾಯ ಇತ್ತು ಅಂತ ನನಗೆ ಗೊತ್ತಾಗಿದ್ದು ಅವತ್ತು ರಾತ್ರಿ.

ದಾವಣಗೆರೆ ಬಿಟ್ಟಿದ್ದು ಮಧ್ಯಾಹ್ನ ಒಂದೂವರೆಗೆ. ಒಂಬತ್ತು ಜನ, ಎರಡು ಕಾರು. ತರೀಕೆರೆ ಮುಟ್ಟುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿ ಘಾಟಿ ಹತ್ತುವಾಗ ಮಂಜು ಎಷ್ಟು ದಟ್ಟ ಇತ್ತೆಂದರೆ, ನಮ್ಮ ಯಜಮಾನರು ಕಿಟಕಿಯಿಂದ ತಲೆ ಹೊರಗೆ ಹಾಕಿ ರಸ್ತೆಯ ಅಂಚು ನೋಡಿಕೊಂಡು ಗಾಡಿ ಓಡಿಸಿದರು. ಕ್ಯಾಬಿನ್ ಸೇರಿದಾಗ ರಾತ್ರಿ ಎಂಟೂಕಾಲು. ಕರೆಂಟಿಲ್ಲ. ಟಾರ್ಚು ಯಾವುದೋ ಬ್ಯಾಗಿನ ತಳದಲ್ಲಿ. ಬೆಂಕಿಪೊಟ್ಟಣ ತೇವ ಹಿಡಿದು ಗೀರಿದರೆ ಮೆತ್ತಗಾಗುತ್ತಿತ್ತು. ಹಸಿದ ಮಕ್ಕಳಿಗೆ ಮಂಡಕ್ಕಿ ಕೊಡೋಣ ಅಂತ ಕವರ್ ಬಿಚ್ಚಿದೆ. ನಮ್ಮೂರಿನ ಗರಿಗರಿ ಮಂಡಕ್ಕಿ ಒದ್ದೆ ಹತ್ತಿಯ ಹಾಗಾಗಿತ್ತು.

ಆಮೇಲೆ ಆರು ಸಲ ಹೋಗಿ ಬಂದಿದ್ದೇವೆ. ಪ್ರತಿ ಸಲ ಬಂದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಈಗ ಬರೆಯುತ್ತಿರುವುದು ಅದರಿಂದಲೇ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೇ ಸಾಲಿದೆ: ನಾಲ್ಕಕ್ಕೆ ಬಾಗಿಲ ಮುಂದೆ.

ನಾಲ್ಕು ಗಂಟೆ ಯಾಕೆ

ನವೆಂಬರಿನಲ್ಲಿ ಬಾಬಾಬುಡನ್‌ಗಿರಿ ಸಾಲಿನ ಕಡೆ ಸೂರ್ಯ ಮುಳುಗುವುದು ಆರರ ಸುಮಾರಿಗೆ. ಆದರೆ ಬೆಟ್ಟದ ನೆರಳಿನ ಕಡೆ ಐದಕ್ಕೇ ಕತ್ತಲು ಶುರು. ನಾಲ್ಕಕ್ಕೆ ಸೇರಿದರೆ ಎರಡು ಗಂಟೆ ಬೆಳಕು ಸಿಗುತ್ತದೆ. ಆ ಎರಡು ಗಂಟೆಯಲ್ಲಿ ಆಗಬೇಕಾದ್ದು ಬಹಳ ಇದೆ. ನೀರು ಬರುತ್ತಾ ನೋಡಬೇಕು. ಹಾಸಿಗೆ ಕೊಡವಬೇಕು. ಒಲೆ ಹೊತ್ತುತ್ತಾ ನೋಡಬೇಕು. ಬಚ್ಚಲಿನ ದೀಪ, ಕಿಟಕಿಯ ಚಿಲಕ ನೋಡಬೇಕು. ಒಂದು ಕಿಟಕಿಗೆ ಚಿಲಕ ಇಲ್ಲ ಅಂತ ರಾತ್ರಿ ಹನ್ನೊಂದಕ್ಕೆ ಗೊತ್ತಾದರೆ ತೋಟದ ಮೇಸ್ತ್ರಿಯನ್ನು ಎಲ್ಲಿ ಹುಡುಕುತ್ತೀರಿ?

ಹಾಗಾಗಿ ಲೆಕ್ಕ ಹಿಂದಕ್ಕೆ ಹಾಕಿ. ನಮ್ಮ ಲೆಕ್ಕ ಹೀಗಿದೆ. ನಾಲ್ಕಕ್ಕೆ ಕ್ಯಾಬಿನ್. ಎರಡೂವರೆಗೆ ಲಿಂಗದಹಳ್ಳಿ. ಒಂದರಿಂದ ಎರಡು ತರೀಕೆರೆ: ಅಲ್ಲಿ ಬುತ್ತಿ ಊಟ, ಪೆಟ್ರೋಲು, ಎಟಿಎಂ, ಹಾಲು, ಮೊಸರು, ತರಕಾರಿ. ಹನ್ನೊಂದಕ್ಕೆ ಸಂತೆಬೆನ್ನೂರಿನ ಪುಷ್ಕರಣಿ ಹತ್ತಿರ ಅರ್ಧ ಗಂಟೆ; ಮಕ್ಕಳು ಕಾಲಾಡಿಸಲಿ ಅಂತ. ಅಂದರೆ ದಾವಣಗೆರೆ ಬಿಡಬೇಕಾದ್ದು ಒಂಬತ್ತೂವರೆಗೆ. ಮೈದುನನ ಮನೆಯವರಿಗೆ ನಾನು ಹೇಳುವುದು ಎಂಟಕ್ಕೆ. ಅವರು ಒಂಬತ್ತೂವರೆಗೆ ಬರುತ್ತಾರೆ.

ದೂರ ನೋಡಿದರೆ ಹೆಚ್ಚೆಂದರೆ 140 ಕಿಲೋಮೀಟರು. ‘ಮೂರು ಗಂಟೆ ದಾರಿ, ಅದಕ್ಕೇಕೆ ಬೆಳಗ್ಗೆ ಹೊರಡಬೇಕು’ ಅಂತ ಪ್ರತಿ ಸಲ ಯಾರಾದರೂ ಕೇಳಿಯೇ ಕೇಳುತ್ತಾರೆ. ಫೋನಿನ ಮ್ಯಾಪ್ ಕೂಡ ಹಾಗೇ ಹೇಳುತ್ತದೆ. ಮ್ಯಾಪಿಗೆ ವಾಂತಿ ಬರುವುದಿಲ್ಲ, ಮಕ್ಕಳಿಲ್ಲ, ಮಂಜಿಲ್ಲ. ಬೆಂಗಳೂರಿನಿಂದ ಬರುವವರು ಬೆಳಗ್ಗೆ ಆರಕ್ಕೆ ಬಿಟ್ಟರೆ ಒಳ್ಳೆಯದು. ರೈಲಾದರೆ ಬೀರೂರು ಅಥವಾ ತರೀಕೆರೆಗೆ ಇಳಿದು ಅಲ್ಲಿಂದ ಗಾಡಿ ಮಾಡಿಕೊಳ್ಳಬಹುದು. ಗಾಡಿ ಮೊದಲೇ ಮಾತಾಡಿಟ್ಟಿರಿ.

ಯಾವಾಗ ಹೋಗೋದು

ನನ್ನ ಪ್ರಕಾರ ಅಕ್ಟೋಬರ್ ಕೊನೆಯಿಂದ ಜನವರಿ. ಮಳೆ ಮುಗಿದಿರುತ್ತದೆ, ಹಸಿರು ಉಳಿದಿರುತ್ತದೆ, ಜರಿಗಳಲ್ಲಿ ನೀರಿರುತ್ತದೆ. ಜುಲೈ-ಆಗಸ್ಟಿನಲ್ಲಿ ಚೆಂದ ಅಂತ ಫೋಟೋ ನೋಡಿ ಹೊರಡುವವರಿದ್ದಾರೆ. ಚೆಂದ ಹೌದು. ಆದರೆ ಗುಡ್ಡ ಜರಿದು ರಸ್ತೆ ಮುಚ್ಚುತ್ತದೆ, ಮರ ಬಿದ್ದು ಎರಡು ಮೂರು ದಿನ ಕರೆಂಟಿರುವುದಿಲ್ಲ. ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ಆ ಸಾಹಸ ಬೇಡ.

ಫೆಬ್ರವರಿ ಆದಮೇಲೆ ಬೆಟ್ಟದ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ. ಅರಣ್ಯ ಇಲಾಖೆಯವರು ಚಾರಣದ ದಾರಿಗಳನ್ನು ಮುಚ್ಚುವುದೂ ಈ ಹೊತ್ತಿನಲ್ಲೇ. ಆದರೆ ಮಾರ್ಚಿನಲ್ಲಿ ಒಂದು ಆಸೆ ಇದೆ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ, ಬಿದ್ದ ಒಂದು ವಾರಕ್ಕೆ ಕಾಫಿ ಗಿಡ ಪೂರ್ತಿ ಬೆಳ್ಳಗೆ ಅರಳುತ್ತದೆ. ಮಲ್ಲಿಗೆಯಂಥ ಘಮ. ಎರಡು ಮೂರು ದಿನ ಮಾತ್ರ. ಅದಕ್ಕೆ ದಿನ ಗೊತ್ತು ಮಾಡಿ ಬುಕ್ ಮಾಡಲು ಬರುವುದಿಲ್ಲ. ನಾವು 2019ರಲ್ಲಿ ಹೋದಾಗ ಸಿಕ್ಕಿತ್ತು, ಸುಮ್ನೆ ಅದೃಷ್ಟ.

ಡಿಸೆಂಬರಿನಲ್ಲಿ ಹೋಗುವವರು ಕ್ಯಾಲೆಂಡರಿನಲ್ಲಿ ದತ್ತ ಜಯಂತಿ ಯಾವಾಗ ಅಂತ ನೋಡಿಕೊಳ್ಳಿ. ಆ ದಿನಗಳಲ್ಲಿ ಗಿರಿ ಕಡೆ ಪ್ರವಾಸಿಗರನ್ನು ಬಿಡದಿರುವುದುಂಟು. ಮುಳ್ಳಯ್ಯನಗಿರಿ ಹತ್ತಬೇಕೆಂದಿದ್ದರೆ ಈಗ ಗಾಡಿಗೆ ಮುಂಚೆಯೇ ಆನ್‌ಲೈನ್‌ನಲ್ಲಿ ಸ್ಲಾಟ್ ತೆಗೆದುಕೊಳ್ಳಬೇಕು. 1,930 ಮೀಟರ್, ಕರ್ನಾಟಕದ ಎಲ್ಲಕ್ಕಿಂತ ಎತ್ತರದ ಜಾಗ, ಹಾಗಾಗಿ ಶನಿವಾರ-ಭಾನುವಾರ ಅಲ್ಲಿ ನಮ್ಮ ದಾವಣಗೆರೆಯ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ಗಾಡಿಗಳು ಸಾಲುಗಟ್ಟಿ ನಿಂತ ಹಾಗೇ ಇರುತ್ತದೆ. ನಾವು ಹೋಗುವುದು ಭಾನುವಾರ, ಬರುವುದು ಮಂಗಳವಾರ. ಬಾಡಿಗೆಯೂ ಕಡಿಮೆ, ಪಕ್ಕದ ಕ್ಯಾಬಿನ್ನಿನಲ್ಲಿ ಸ್ಪೀಕರ್ ಹಚ್ಚುವವರೂ ಕಡಿಮೆ.

ಬುಕ್ ಮಾಡುವ ಮುಂಚೆ ಫೋನಿನಲ್ಲಿ ಕೇಳೋದು

ಫೋಟೋ ನಂಬಬೇಡಿ. ಒಮ್ಮೆ ಒಂದು ಕಡೆ ಬುಕ್ ಮಾಡಿದ್ದೆವು, ಹೆಸರು ಬೇಡ. ಫೋಟೋದಲ್ಲಿ ಜಗಲಿ, ಜಗಲಿಯ ಮುಂದೆ ಕಣಿವೆ. ಹೋಗಿ ನೋಡಿದರೆ ಗಾಡಿ ನಿಲ್ಲಿಸುವ ಜಾಗದಿಂದ ಕೆಳಕ್ಕೆ ಅರವತ್ತೆರಡು ಮೆಟ್ಟಿಲು, ಅದೂ ಕಲ್ಲಿನ ಎಗುಡು ದಿಗುಡು ಮೆಟ್ಟಿಲು. ಅತ್ತೆಗೆ ಮಂಡಿ ನೋವು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತುಕೊಂಡು ಇಳಿಸಿದರು. ‘ಪಲ್ಲಕ್ಕಿ ಸೇವೆ ಆಯಿತು’ ಅಂತ ಅತ್ತೆ ನಗುತ್ತಿದ್ದರು. ಎರಡು ದಿನ ಮೇಲೆ ಹತ್ತಲೇ ಇಲ್ಲ.

ಅವತ್ತಿನಿಂದ ನಾನು ಮೊದಲು ಕೇಳುವುದು: ಗಾಡಿಯಿಂದ ಬಾಗಿಲವರೆಗೆ ಎಷ್ಟು ಮೆಟ್ಟಿಲು? ಎರಡನೆಯದು, ಕೊನೆಯ ಎರಡು ಕಿಲೋಮೀಟರ್ ರಸ್ತೆಯ ವಿಡಿಯೋ ಕಳಿಸಿ. ‘ರಸ್ತೆ ಚೆನ್ನಾಗಿದೆ ಮೇಡಂ’ ಎಂಬ ಮಾತಿಗೆ ತೋಟದವರ ಅರ್ಥವೇ ಬೇರೆ. ಅವರು ಓಡಾಡುವುದು ಜೀಪಿನಲ್ಲಿ. ನಮ್ಮದು ಸಣ್ಣ ಕಾರು, ಅಡಿ ತಾಗುತ್ತದೆ. ಕೆಲವರು ಕೆಳಗೆ ಕಾರು ನಿಲ್ಲಿಸಿಕೊಂಡು ಜೀಪಿನಲ್ಲಿ ಕರೆದೊಯ್ಯುತ್ತಾರೆ. ಅದಕ್ಕೆ ದುಡ್ಡು ಬೇರೆಯಾ, ಬಾಡಿಗೆಯಲ್ಲೇ ಸೇರಿದೆಯಾ ಕೇಳಿ.

ಆಮೇಲೆ ಕಕ್ಕಸು ಒಳಗಿದೆಯಾ, ಕಮೋಡ್ ಇದೆಯಾ. ರಜಾಯಿ ಎಷ್ಟು. ಕರೆಂಟು ಹೋದರೆ ಏನು ವ್ಯವಸ್ಥೆ. ಬಿಸಿನೀರು ಹಂಡೆಯದಾ, ಸೋಲಾರಾ, ಗ್ಯಾಸ್ ಗೀಸರಾ. ಇದಕ್ಕೆ ಆಮೇಲೆ ಬರುತ್ತೇನೆ. ಫೋನ್ ಸಿಗ್ನಲ್ ಯಾವ ಕಂಪನಿಯದು ಸಿಗುತ್ತದೆ. ಅಡುಗೆ ನಾವೇ ಮಾಡಿಕೊಳ್ಳುವುದಾದರೆ ಕುಕ್ಕರ್ ಎಷ್ಟು ಲೀಟರಿನದು. ಇದನ್ನು ಕೇಳಿದಾಗ ಎಲ್ಲರೂ ನಗುತ್ತಾರೆ. ‘ಎಲ್ಲಾ ಪಾತ್ರೆ ಇದೆ’ ಎಂಬ ಮಾತು ನಂಬಿ ಒಮ್ಮೆ ಮೂರು ಲೀಟರಿನ ಕುಕ್ಕರಿನಲ್ಲಿ ಒಂಬತ್ತು ಜನಕ್ಕೆ ಅನ್ನ ಮಾಡಿದ್ದೇನೆ. ಮೂರನೇ ಸಲ ಇಡುವಷ್ಟರಲ್ಲಿ ಮೊದಲು ಉಂಡವರಿಗೆ ಮತ್ತೆ ಹಸಿವಾಗಿತ್ತು.

ಇಷ್ಟೆಲ್ಲ ತಲೆನೋವು ಬೇಡ ಎನ್ನುವವರಿಗೆ ಸರ್ಕಾರದ ಜಾಗಗಳಿವೆ. ಕೆಮ್ಮಣ್ಣುಗುಂಡಿಯ ಮೇಲೆಯೇ ತೋಟಗಾರಿಕೆ ಇಲಾಖೆಯ ವಸತಿಗೃಹಗಳಿವೆ. ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಲ್ಲಿ (ಕ್ಯಾತೇದೇವರ ಗುಡಿ) ಜಂಗಲ್ ಲಾಡ್ಜಸ್‌ನವರ ಮರದ ಮನೆಗಳು, ಕುದುರೆಮುಖದ ಕಡೆ ಅವರದೇ ಭಗವತಿ ಶಿಬಿರ. ಜಂಗಲ್ ಲಾಡ್ಜಸ್‌ನಲ್ಲಿ ಊಟ ಅವರದೇ. ಆರಾಮ. ಆದರೆ ಒಲೆ ಮುಂದೆ ಕೂತು ಹರಟೆ ಹೊಡೆಯುವ ಸುಖ ಅಲ್ಲಿ ಸಿಗುವುದಿಲ್ಲ ಅಂತ ನನ್ನ ವಾರಗಿತ್ತಿಯ ದೂರು. ಒಲೆ ಮುಂದೆ ಕೂರುವುದು ಅವಳಲ್ಲ, ನಾನು. ಇರಲಿ.

ಚಳಿಗಿಂತ ತೇವ ಕೆಟ್ಟದ್ದು

ಬೆಟ್ಟ ಅಂದ ಕೂಡಲೇ ಎಲ್ಲರೂ ಚಳಿಗೆ ತಯಾರಾಗುತ್ತಾರೆ. ಲೆಕ್ಕ ಹಾಕಿ ನೋಡಿ. ಸಾವಿರ ಮೀಟರ್ ಮೇಲೆ ಹೋದರೆ ಆರು ಆರೂವರೆ ಡಿಗ್ರಿ ತಂಪು. ದಾವಣಗೆರೆ ಆರುನೂರು ಮೀಟರ್ ಎತ್ತರದಲ್ಲಿದೆ, ಕೆಮ್ಮಣ್ಣುಗುಂಡಿ 1,434. ಅಂದರೆ ವ್ಯತ್ಯಾಸ ಐದಾರು ಡಿಗ್ರಿ ಅಷ್ಟೇ. ಬೆಂಗಳೂರಿನವರಿಗಂತೂ ಮೂರು ಡಿಗ್ರಿ. ಅದಕ್ಕೆ ಕಾಶ್ಮೀರಕ್ಕೆ ಹೊರಟ ಹಾಗೆ ಜಾಕೆಟ್ ತುಂಬುವುದು ಬೇಡ. ಮಂಜು ಒಳಗೆ ಬಂದು ಎಲ್ಲವನ್ನೂ ಒದ್ದೆ ಮಾಡುತ್ತದಲ್ಲ, ನಿಜವಾದ ಚಳಿ ಅದು. ಒಗೆದು ಹಾಕಿದ ಕಾಲುಚೀಲ ಎರಡು ದಿನವಾದರೂ ಒಣಗುವುದಿಲ್ಲ. ಜೀನ್ಸ್ ಒದ್ದೆಯಾದರೆ ಮನೆಗೆ ಬಂದ ಮೇಲೇ ಒಣಗುವುದು.

ಹಾಗಾಗಿ ಒಬ್ಬೊಬ್ಬರಿಗೂ ನಾಲ್ಕು ಜೊತೆ ಕಾಲುಚೀಲ, ಬೇಗ ಒಣಗುವ ಪ್ಯಾಂಟು, ಒಂದು ಸ್ವೆಟರು, ತಲೆಗೊಂದು ಟೊಪ್ಪಿಗೆ. ರಾತ್ರಿ ಹಾಕುವ ಬಟ್ಟೆ ಬೇರೆಯೇ ಇರಲಿ. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಬ್ಯಾಗಿನ ಮಧ್ಯೆ ಇಡಿ, ಎಷ್ಟೇ ಒದ್ದೆಯಾದರೂ ಅದನ್ನು ಹಗಲು ಮುಟ್ಟಬೇಡಿ. ಹಾಸಿಗೆಗೆ ನಾನು ಒಯ್ಯುವುದು ಚಳ್ಳಕೆರೆ ಕಡೆಯ ಉಣ್ಣೆ ಕಂಬಳಿ. ಚುಚ್ಚುತ್ತದೆ ಅಂತ ಮಕ್ಕಳು ಮೂಗು ಮುರಿಯುತ್ತಾರೆ. ಆದರೆ ಉಣ್ಣೆ ತುಸು ತೇವವಾದರೂ ಬೆಚ್ಚಗೇ ಇರುತ್ತದೆ, ರಜಾಯಿಯ ಹತ್ತಿಗೆ ಆ ಗುಣ ಇಲ್ಲ. ಒಳಗೆ ಒಂದು ಹಳೆಯ ಸೀರೆ ಹಾಕಿಕೊಂಡರೆ ಚುಚ್ಚುವುದೂ ಇಲ್ಲ.

ಬಿಳಿ ಬಟ್ಟೆ ಬೇಡವೇ ಬೇಡ. ಊರಿನ ಹೆಸರಿನಲ್ಲೇ ಕೆಮ್ಮಣ್ಣಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಒಂದು ಕಾಲದಲ್ಲಿ ಅದಿರು ಹೋಗುತ್ತಿದ್ದುದು ಇಲ್ಲಿಂದಲೇ. ಆ ಕೆಂಪು ಕಲೆ ಯಾವ ಸೋಪಿಗೂ ಬಗ್ಗುವುದಿಲ್ಲ.

ಟಾರ್ಚು ತಲೆಗೊಂದು, ಮಕ್ಕಳಿಗೂ. ಅದು ಬ್ಯಾಗಿನಲ್ಲಿ ಅಲ್ಲ, ಕೊರಳಲ್ಲಿ ಅಥವಾ ಜೇಬಿನಲ್ಲಿ. ಬೆಂಕಿಪೊಟ್ಟಣ ಎರಡು, ಮುಚ್ಚಳ ಬಿಗಿಯಿರುವ ಸ್ಟೀಲ್ ಡಬ್ಬಿಯಲ್ಲಿ, ಜೊತೆಗೊಂದು ಲೈಟರ್. ಚಿಲ್ಲರೆ ನೋಟುಗಳು, ಏಕೆಂದರೆ ಸಿಗ್ನಲ್ ಇಲ್ಲದ ಕಡೆ ಫೋನ್‌ಪೇ ನಡೆಯುವುದಿಲ್ಲ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಬಿಪಿ, ಶುಗರ್ ಮಾತ್ರೆಗಳನ್ನು ಎರಡು ಪಾಲು ಮಾಡಿ ಎರಡು ಕಾರಿನಲ್ಲಿಡಿ. ಹತ್ತಿರದ ದೊಡ್ಡ ಆಸ್ಪತ್ರೆ ಅಂದರೆ ನಮಗೆ ತರೀಕೆರೆ ತಾಲ್ಲೂಕು ಆಸ್ಪತ್ರೆ. ರಾತ್ರಿ ಮಂಜಿನಲ್ಲಿ ಅಲ್ಲಿಗೆ ಇಳಿಯಲು ಎಷ್ಟು ಹೊತ್ತು ಬೇಕು ಅಂತ ತೋಟದವರನ್ನೇ ಕೇಳಿಟ್ಟುಕೊಳ್ಳಿ. ಆಂಬುಲೆನ್ಸಿಗೆ 108. ಕ್ಯಾಬಿನ್ನಿನ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ ಅಂತ ಬೆಳಕಿರುವಾಗಲೇ ಹುಡುಕಿ. ನಮ್ಮಲ್ಲಿ ಅದು ನೀರಿನ ಟ್ಯಾಂಕಿನ ಪಕ್ಕ.

ಅಡುಗೆ

ಎಲ್ಲಕ್ಕಿಂತ ಜಾಸ್ತಿ ತಪ್ಪು ಮಾಡಿ ಕಲಿತದ್ದು ಇಲ್ಲೇ.

ಮೊದಲ ದಿನ ಮಧ್ಯಾಹ್ನ ಬುತ್ತಿ: ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಎಣ್ಣೆಗಾಯಿ, ಮೊಸರು. ರಾತ್ರಿ ಅನ್ನ, ತಿಳಿಸಾರು, ಹಪ್ಪಳ. ಮೊದಲ ರಾತ್ರಿ ದೊಡ್ಡ ಅಡುಗೆ ಹಚ್ಚಬೇಡಿ. ಎಲ್ಲರೂ ದಣಿದಿರುತ್ತಾರೆ, ಒಲೆಯ ಗುಣ ನಿಮಗಿನ್ನೂ ಗೊತ್ತಿರುವುದಿಲ್ಲ. ಎರಡನೇ ದಿನ ಬೆಳಗ್ಗೆ ಒಗ್ಗರಣೆ ಅವಲಕ್ಕಿ. ಮಧ್ಯಾಹ್ನಕ್ಕೆ ಚಿತ್ರಾನ್ನ ಕಟ್ಟಿಕೊಂಡು ಹೊರಗೆ. ರಾತ್ರಿ ಬಿಸಿಬೇಳೆಬಾತು, ಒಂದೇ ಕುಕ್ಕರಿನಲ್ಲಿ ಮುಗಿಯುತ್ತದೆ. ಮೂರನೇ ದಿನ ಉಪ್ಪಿಟ್ಟು ತಿಂದು ಇಳಿಯುವುದು.

ಒಂಬತ್ತು ಜನಕ್ಕೆ ನಾನು ಒಯ್ಯುವುದು ಅಕ್ಕಿ ಮೂರೂವರೆ ಕಿಲೋ (ಹೊತ್ತಿಗೆ ತಲೆಗೆ ನೂರು ಗ್ರಾಂ, ಮೇಲೆ ಸ್ವಲ್ಪ), ತೊಗರಿಬೇಳೆ ಒಂದು ಕಿಲೋ, ಮನೆಯಲ್ಲೇ ಹುರಿದ ರವೆ ಒಂದು ಕಿಲೋ, ಅವಲಕ್ಕಿ ಒಂದು ಕಿಲೋ, ಈರುಳ್ಳಿ ಎರಡು ಕಿಲೋ. ಸಾರಿನಪುಡಿ, ಬಿಸಿಬೇಳೆಬಾತಿನ ಪುಡಿ, ಹುಣಸೆಹಣ್ಣು ಬೇರೆ ಬೇರೆ ಸಣ್ಣ ಡಬ್ಬಿಯಲ್ಲಿ. ಒಗ್ಗರಣೆಗೆ ಬೇಕಾದ ಸಾಸಿವೆ, ಜೀರಿಗೆ, ಒಣಮೆಣಸು, ಅರಿಸಿನ, ಇಂಗು ಎಲ್ಲ ನಾಲ್ಕು ಅಡುಗೆಗಾಗುವಷ್ಟು. ಕೊತ್ತಂಬರಿ ಮರೆತರೂ ನಡೆದೀತು, ಉಪ್ಪು ಮರೆತರೆ ನಡೆಯದು. ಉಪ್ಪಿನ ಡಬ್ಬಿಯಲ್ಲಿ ಹತ್ತು ಕಾಳು ಅಕ್ಕಿ ಹಾಕಿಡಿ, ನೀರಾಗುವುದಿಲ್ಲ. ಹಾಲಿನ ಪುಡಿ ಒಂದು ಪೊಟ್ಟಣ ಇರಲೇಬೇಕು; ಬೆಳಗ್ಗೆ ಐದೂವರೆಗೆ ಎದ್ದು ಕೂರುವ ಅತ್ತೆಗೆ ಹಾಲು ಒಡೆದಿದೆ ಅಂತ ಹೇಳುವ ಧೈರ್ಯ ನನಗಿಲ್ಲ. ಸುತ್ತ ಕಾಫಿ ತೋಟ ಇದ್ದರೂ ನಮ್ಮ ಮನೆಯವರಿಗೆ ಚಹಾನೇ ಬೇಕು. ಚಹಾಪುಡಿ ನಾವೇ ಒಯ್ಯಬೇಕು.

ಎತ್ತರಕ್ಕೆ ಹೋದಂತೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಮುನ್ನೂರು ಮೀಟರಿಗೆ ಒಂದು ಡಿಗ್ರಿ ಅಂತ ಲೆಕ್ಕ. ಕೆಮ್ಮಣ್ಣುಗುಂಡಿಯಲ್ಲಿ 95 ಡಿಗ್ರಿಗೆ ಕುದಿ ಬರುತ್ತದೆ. ಬರೀ ಪಾತ್ರೆಯಲ್ಲಿ ಬೇಳೆ ಇಟ್ಟರೆ ಬೇಯುವ ಲಕ್ಷಣವೇ ಕಾಣುವುದಿಲ್ಲ. ಮೊದಲ ಸಲ ಗ್ಯಾಸು ಸರಿಯಿಲ್ಲ ಅಂತ ಬೈದಿದ್ದೆ, ಪಾಪ. ಕುಕ್ಕರ್ ಇಡಿ, ಮನೆಗಿಂತ ಒಂದೆರಡು ಸೀಟಿ ಜಾಸ್ತಿ ಕೂಗಿಸಿ.

ಮಂಡಕ್ಕಿಗೂ ದಾರಿ ಸಿಕ್ಕಿದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ಯುವುದು. ಆದರೂ ಮೆತ್ತಗಾದರೆ ಬಾಂಡ್ಲಿಯಲ್ಲಿ ಸಣ್ಣ ಉರಿಯ ಮೇಲೆ ಮೂರು ನಾಲ್ಕು ನಿಮಿಷ ಕೈಯಾಡಿಸುವುದು. ಮತ್ತೆ ಗರಿಗರಿ. ಅದಕ್ಕೆ ಈರುಳ್ಳಿ, ಹಸಿಮೆಣಸು, ಪುಟಾಣಿ ಪುಡಿ. ಬೆಟ್ಟದ ಮೇಲೆ ಮಂಜು ನೋಡುತ್ತಾ ಮಂಡಕ್ಕಿ ಮಿರ್ಚಿ ತಿನ್ನುವುದು ದಾವಣಗೆರೆಯವರಿಗೆ ಬೇರೇನೇ ಸುಖ.

ಬೆಂಕಿ, ಗೀಸರು

ಇಲ್ಲಿ ನಗು ಬೇಡ. ರಾತ್ರಿ ಚಳಿ ಅಂತ ಕೆಂಡದ ಬಾಣಲೆಯನ್ನು ಕೋಣೆಯೊಳಗೆ ಇಟ್ಟು ಕಿಟಕಿ ಮುಚ್ಚಿ ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದಿಲ್ಲ. ಗ್ಯಾಸ್ ಗೀಸರೂ ಅಷ್ಟೇ. ಕಿಂಡಿಯಿಲ್ಲದ ಸಣ್ಣ ಬಚ್ಚಲಲ್ಲಿ ಗೀಸರು ಹಚ್ಚಿಕೊಂಡು ಸ್ನಾನ ಮಾಡಲು ಹೋಗಿ ಪ್ರಾಣ ಬಿಟ್ಟವರ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ? ಗ್ಯಾಸ್ ಗೀಸರು ಬಚ್ಚಲಿನ ಹೊರಗಿದ್ದರೆ ಮಾತ್ರ ಸರಿ. ಒಳಗಿದ್ದರೆ ಬಾಗಿಲು ತೆರೆದಿಟ್ಟು ಬಕೀಟು ತುಂಬಿಸಿಕೊಂಡು, ಆರಿಸಿ, ಆಮೇಲೆ ಸ್ನಾನ. ನಮ್ಮ ಹುಡುಗರಿಗೆ ಇದನ್ನು ಪ್ರತಿ ಸಲ ಹೇಳುತ್ತೇನೆ, ಪ್ರತಿ ಸಲ ಬೇಜಾರು ಮಾಡಿಕೊಳ್ಳುತ್ತಾರೆ.

ಹೊರಗೆ ಬೆಂಕಿ ಹಾಕುವುದಾದರೆ ತೋಟದವರು ತೋರಿಸಿದ ಜಾಗದಲ್ಲೇ, ಬೇಸಿಗೆಯಲ್ಲಿ ಅದೂ ಬೇಡ. ತೇವದ ಸೌದೆ ಹತ್ತುವುದಿಲ್ಲ. ಮನೆಯಿಂದ ಒಂದು ಚೀಲ ತೆಂಗಿನ ಕರಟ ಮತ್ತು ಕರ್ಪೂರದ ಪೊಟ್ಟಣ ಒಯ್ಯಿರಿ. ಕರಟದೊಳಗೆ ನಾಲ್ಕು ಬಿಲ್ಲೆ ಕರ್ಪೂರ ಇಟ್ಟು ಹಚ್ಚಿ, ಮೇಲೆ ಸಣ್ಣ ಕಡ್ಡಿ, ಅದರ ಮೇಲೆ ಸೌದೆ. ಮೈದುನ ಪೆಟ್ರೋಲು ಸುರಿಯೋಣ ಅಂದಾಗ ಅವನ ಕೈಯಿಂದ ಬಾಟಲಿ ಕಸಿದುಕೊಂಡಿದ್ದೆ. ತೋಟದಲ್ಲಿ ಹಳೆಯ ಕಾಫಿ ಗಿಡದ ಕಟ್ಟಿಗೆ ಇದ್ದರೆ ಅದನ್ನೇ ಕೇಳಿ ಪಡೆಯಿರಿ, ಚೆನ್ನಾಗಿ ಉರಿಯುತ್ತದೆ. ಮಲಗುವ ಮುಂಚೆ ಎರಡು ಕೊಡ ನೀರು ಸುರಿದು, ಬೂದಿ ಕೆದಕಿ, ಮತ್ತೊಂದು ಕೊಡ.

ಇಂಬಳ, ಉಣುಗು

ಮಳೆಗಾಲದಿಂದ ನವೆಂಬರ್‌ವರೆಗೆ ಇಂಬಳ, ಅಂದರೆ ರಕ್ತ ಹೀರುವ ಜಿಗಣೆ. ರಕ್ತ ನೋಡಿ ಮಕ್ಕಳು ಕಿರುಚುತ್ತಾರೆ, ಅಷ್ಟೇ. ಅದರಿಂದ ದೊಡ್ಡ ಅಪಾಯವಿಲ್ಲ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಕಾಲುಚೀಲಕ್ಕೆ ಉಪ್ಪು ಕಲಸಿದ ಕೊಬ್ಬರಿ ಎಣ್ಣೆ ಸವರಿ. ಹತ್ತಿದರೆ ಜಗ್ಗಬೇಡಿ, ಉಗುರಿನಿಂದ ಅಡ್ಡಕ್ಕೆ ಎಬ್ಬಿಸಿ, ಇಲ್ಲವೇ ಸುಣ್ಣ ಮುಟ್ಟಿಸಿ. ಅತ್ತೆಯ ಎಲೆ ಅಡಿಕೆ ಚೀಲದ ಸುಣ್ಣದ ಡಬ್ಬಿ ಈ ಕೆಲಸಕ್ಕೆ ಬಂದಷ್ಟು ಯಾವ ಔಷಧಿಯೂ ಬಂದಿಲ್ಲ.

ಡಿಸೆಂಬರಿನಿಂದ ಮೇವರೆಗೆ ಹೆದರಬೇಕಾದ್ದು ಉಣುಗಿಗೆ, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳಕ್ಕೆ. ಮಂಗನ ಕಾಯಿಲೆ ಹರಡುವುದು ಇದರಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಕಾಯಿಲೆ, ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ. ಕಾಡಿನ ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತೋಟದವರಿಗೆ ತಿಳಿಸಿ. ಸುತ್ತಾಡಿ ಬಂದ ಕೂಡಲೇ ಬಟ್ಟೆ ಬಿಚ್ಚಿ ಬಿಸಿನೀರಿಗೆ ಹಾಕಿ, ಕಿವಿ ಹಿಂದೆ, ಕಂಕುಳು, ಮಂಡಿಯ ಹಿಂದೆ ನೋಡಿ. ಊರಿಗೆ ಬಂದ ಒಂದು ವಾರ ಹತ್ತು ದಿನದೊಳಗೆ ಏಕಾಏಕಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಸುಮ್ಮನಾಗಬೇಡಿ. ಮಲೆನಾಡಿನ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಪಕ್ಕದಲ್ಲೇ ಭದ್ರಾ ಅಭಯಾರಣ್ಯ. ಆನೆ ತೋಟಕ್ಕೆ ಬರುವುದುಂಟು. ಕತ್ತಲಾದ ಮೇಲೆ ವಾಕಿಂಗ್ ಇಲ್ಲ. ಅನ್ನ, ಹಣ್ಣಿನ ಸಿಪ್ಪೆ ಹೊರಗೆ ಎಸೆಯುವುದಿಲ್ಲ. ಹಂದಿ, ಮಂಗಗಳಿಗೆ ನೀವೇ ಆಮಂತ್ರಣ ಕೊಟ್ಟಂತೆ.

ಒಂದೇ ಒಂದು ಜಾಗ

ಎರಡು ರಾತ್ರಿಯ ಟ್ರಿಪ್ಪಿಗೆ ಒಂದೇ ಸುತ್ತಾಟ ಸಾಕು. ಇದಕ್ಕೆ ನಮ್ಮ ಮನೆಯಲ್ಲಿ ಪ್ರತಿ ಸಲ ಜಗಳ. ನಾದಿನಿಯ ಗಂಡ ಏಳು ಜಾಗದ ಪಟ್ಟಿ ಹಿಡಿದು ಬರುತ್ತಾರೆ. ಏಳೂ ನೋಡಬೇಕೆಂದರೆ ಕ್ಯಾಬಿನ್ ಯಾಕೆ, ತರೀಕೆರೆಯಲ್ಲಿ ಲಾಡ್ಜ್ ಮಾಡಿದರೆ ಸಾಕು.

ವಯಸ್ಸಾದವರಿದ್ದರೆ ಕಲ್ಲತ್ತಿಗಿರಿ. ಜಲಪಾತದ ಬುಡದಲ್ಲೇ ವೀರಭದ್ರ ದೇವರ ಗುಡಿ, ನೀರು ಗುಡಿಯ ಮುಂದೆಯೇ ಬೀಳುತ್ತದೆ. ನಮ್ಮತ್ತೆಗೆ ಅದೊಂದಾದರೆ ಟ್ರಿಪ್ಪು ಸಾರ್ಥಕ. ಕಾಲು ಗಟ್ಟಿ ಇದ್ದವರು ಬೆಳಗ್ಗೆ ಬೇಗ ಎದ್ದು ಜೆಡ್ ಪಾಯಿಂಟ್‌ಗೆ ನಡೆದು ಬರಬಹುದು. ದಾರಿ ಕಿರಿದು, ಒಂದು ಕಡೆ ಪ್ರಪಾತ, ಮಳೆ ಬಿದ್ದಿದ್ದರೆ ಜಾರುತ್ತದೆ. ಹೆಬ್ಬೆ ಜಲಪಾತ ದೊಡ್ಡದು, 168 ಮೀಟರ್, ದೊಡ್ಡ ಹೆಬ್ಬೆ ಚಿಕ್ಕ ಹೆಬ್ಬೆ ಅಂತ ಎರಡು ಹಂತದಲ್ಲಿ ಬೀಳುತ್ತದೆ. ಅಲ್ಲಿಗೆ ನಮ್ಮ ಕಾರು ಹೋಗುವುದಿಲ್ಲ, ಜೀಪಿನಲ್ಲೇ ಹೋಗಬೇಕು. ಆ ಜೀಪಿನಲ್ಲಿ ಕೂತು ಬಂದ ಮೇಲೆ ಎರಡು ದಿನ ಸೊಂಟ ಹಿಡಿದುಕೊಂಡಿತ್ತು, ಆದರೂ ಮತ್ತೆ ಹೋಗುತ್ತೇನೆ.

ಎರಡನೇ ದಿನ ಮಧ್ಯಾಹ್ನ ಎರಡರ ನಂತರ ನಮಗೆ ಯಾವ ಕಾರ್ಯಕ್ರಮವೂ ಇಲ್ಲ. ಜಗಲಿಯ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆಯುತ್ತೇವೆ. ಅರ್ಧಕ್ಕೆ ಒಡೆದ ಹುಣಸೆಬೀಜ ನಾನೇ ಒಯ್ದಿರುತ್ತೇನೆ. ಅತ್ತೆಯನ್ನು ಇಲ್ಲಿಯವರೆಗೆ ಯಾರೂ ಸೋಲಿಸಿಲ್ಲ. ಮೋಸ ಮಾಡುತ್ತಾರೆ ಅಂತ ನನಗೆ ಗುಮಾನಿ.

ಖರ್ಚು, ಘಾಟಿ, ವಾಪಸ್

ಕಳೆದ ಸಲ ನಮಗೆ ತಲೆಗೆ ಸುಮಾರು 3,200 ರೂಪಾಯಿ ಬಿತ್ತು. ಎರಡು ಕ್ಯಾಬಿನ್, ಎರಡು ರಾತ್ರಿ 18,000. ಪೆಟ್ರೋಲು, ದಿನಸಿ, ಜೀಪು ಉಳಿದದ್ದು. ದುಡ್ಡನ್ನು ಹೊರಡುವ ಮುಂಚೆಯೇ ಒಬ್ಬರ ಕೈಗೆ ಕೊಟ್ಟುಬಿಡಿ. ಬಂದ ಮೇಲೆ ಲೆಕ್ಕ ಹಾಕಿದರೆ ಸಂಬಂಧ ಕೆಡುತ್ತದೆ.

ಘಾಟಿಯಲ್ಲಿ ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು, ಅದು ನಿಯಮ. ಇಳಿಯುವಾಗ ಯಾವ ಗೇರಿನಲ್ಲಿ ಹತ್ತಿದ್ದಿರೋ ಅದೇ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಕಾದು ವಾಸನೆ ಬರುತ್ತದೆ, ಆಮೇಲೆ ಹಿಡಿಯುವುದಿಲ್ಲ. ನ್ಯೂಟ್ರಲ್ ಮಾತಂತೂ ಬೇಡ. ವಾಂತಿ ಬರುವವರಿಗೆ ಮಾತ್ರೆಯನ್ನು ಘಾಟಿಗೆ ಅರ್ಧ ಗಂಟೆ ಮುಂಚೆ ಕೊಡಿ, ಘಾಟಿಯಲ್ಲಿ ಕೊಟ್ಟರೆ ಅದೂ ಹೊರಗೆ ಬರುತ್ತದೆ.

ಮೂರನೇ ದಿನ ಬೆಳಗ್ಗೆ ಹತ್ತಕ್ಕೆ ಕ್ಯಾಬಿನ್ ಬಿಡುತ್ತೇವೆ. ಕಸವನ್ನು ಎರಡು ಚೀಲ ಮಾಡಿ, ಪ್ಲಾಸ್ಟಿಕ್ಕಿನದು ನಮ್ಮ ಜೊತೆಗೇ ದಾವಣಗೆರೆಗೆ ಬರುತ್ತದೆ. ಮನೆಗೆ ಬಂದ ರಾತ್ರಿಯೇ ಬ್ಯಾಗು ಬಿಚ್ಚಬೇಕು. ಒಂದು ಸಲ ನಾಳೆ ಬಿಚ್ಚಿದರಾಯಿತು ಅಂತ ಬಿಟ್ಟಿದ್ದಕ್ಕೆ ಕಂಬಳಿಗೆ ಬೂಷ್ಟು ಹಿಡಿದು, ಮೂರು ದಿನ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದರೂ ವಾಸನೆ ಹೋಗಲಿಲ್ಲ. ಈ ಸಲ ಹೊಸದು ತರಬೇಕು, ಎರಡು.